ನಂಬಬಹುದಾದ ಒಂದು ‘ಅಲ್ಲ’: ಮರ್ಸೆನ್ ಅವಿಭಾಜ್ಯಗಳ ಬೆನ್ನುಹತ್ತಿ ಕಲಿತ ಒಂಬತ್ತು ಪಾಠ

ಎರಡನ್ನು ಎರಡರಿಂದಲೇ ಮತ್ತೆ ಮತ್ತೆ ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯಿರಿ. ಕೆಲವು ಸಲ ಅವಿಭಾಜ್ಯ ಸಂಖ್ಯೆ ಸಿಗುತ್ತದೆ: 3, 7, 31, 127. ಘಾತಾಂಕ ಅವಿಭಾಜ್ಯವಾಗಿಲ್ಲದಿದ್ದರೆ ಹೀಗೆ ಸಿಗುವುದೇ ಇಲ್ಲ, ಅವಿಭಾಜ್ಯವಾಗಿದ್ದರೂ ಖಾತರಿಯಿಲ್ಲ. ಘಾತಾಂಕ 11 ಆದಾಗ ಬರುವುದು 2047, ಅಂದರೆ 23 × 89. ಫ್ರಾನ್ಸಿನ ಕ್ರೈಸ್ತ ಸನ್ಯಾಸಿ ಮರಿನ್ ಮರ್ಸೆನ್ 1644ರಲ್ಲಿ ಇಂಥ ಘಾತಾಂಕಗಳದೊಂದು ಪಟ್ಟಿ ಕೊಟ್ಟದ್ದರಿಂದ ಇವಕ್ಕೆ ಅವನ ಹೆಸರೇ ಬಂತು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದದ್ದು 52ನೆಯದು. ಅದರ ಘಾತಾಂಕ 13,62,79,841. ಬಿಡಿಸಿ ಬರೆದರೆ 4,10,24,320 ಅಂಕಿಗಳು.

1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ‘ಗಿಂಪ್ಸ್’ ಎಂಬ ಹುಡುಕಾಟದಲ್ಲಿ ಯಾರು ಬೇಕಾದರೂ ತಮ್ಮ ಕಂಪ್ಯೂಟರನ್ನು ದುಡಿಮೆಗೆ ಹಚ್ಚಬಹುದು. ತುಮಕೂರಿನ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವ ನಾನೂ ಹಾಗೇ ಸೇರಿಕೊಂಡೆ. ಇಷ್ಟು ವರ್ಷಗಳಲ್ಲಿ ನನಗೆ ಒಂದೂ ಅವಿಭಾಜ್ಯ ಸಿಕ್ಕಿಲ್ಲ, ಸಿಗುವ ಲಕ್ಷಣವೂ ಕಾಣುತ್ತಿಲ್ಲ. ನನ್ನ ಖಾತೆಯಲ್ಲಿರುವುದೆಲ್ಲ ‘ಇದು ಅವಿಭಾಜ್ಯ ಅಲ್ಲ’ ಎಂಬ ಉತ್ತರಗಳು. ಅವುಗಳಲ್ಲೂ ಕೆಲವು ತಪ್ಪಾಗಿದ್ದವು. ಆ ‘ಅಲ್ಲ’ಗಳು ಕಲಿಸಿದ್ದಿಷ್ಟು.

1. ಮೊದಲು ಕೈಲೆಕ್ಕ, ಆಮೇಲೆ ಯಂತ್ರ

ಪ್ರೈಮ್95 ಎಂಬ ತಂತ್ರಾಂಶ ಇಳಿಸಿಕೊಂಡು, ಬಟನ್ ಒತ್ತಿ, ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ತರಗತಿಯಲ್ಲಿ ಒಬ್ಬ ಹುಡುಗಿ, “ಮೇಡಂ, ಅದು ಒಳಗೆ ಏನು ಮಾಡುತ್ತೆ?” ಎಂದು ಕೇಳಿದಾಗ ಬೋರ್ಡಿನ ಮುಂದೆ ತಡವರಿಸಿದೆ. ‘ಏನೋ ಭಾಗಿಸಿ ನೋಡುತ್ತೆ’ ಅಂದೆ. ಅದು ತಪ್ಪು ಉತ್ತರ. ಆ ರಾತ್ರಿ ಕೂತು ಲ್ಯೂಕಾ–ಲೆಹ್ಮರ್ ಪರೀಕ್ಷೆಯನ್ನು ಕಾಗದದ ಮೇಲೆ ಮಾಡಿದೆ. ಕ್ರಮ ಸುಲಭ. 4ರಿಂದ ಹೊರಡಿ. ಅದರ ವರ್ಗದಿಂದ 2 ಕಳೆಯಿರಿ. ಬಂದದ್ದನ್ನು ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬೇರೇನು ಬಂದರೂ ಅಲ್ಲ. ಘಾತಾಂಕ 7, ಸಂಖ್ಯೆ 127 ಎಂದಿಟ್ಟುಕೊಳ್ಳಿ: 4, 14, 67, 42, 111, 0. ಐದೇ ಹೆಜ್ಜೆ. 2047ಕ್ಕೆ ಇದನ್ನೇ ಒಂಬತ್ತು ಹೆಜ್ಜೆ ಮಾಡಿದರೆ ಕೊನೆಗೆ ಉಳಿಯುವುದು 1736. ಅಪವರ್ತನ ಏನೆಂದು ಈ ಪರೀಕ್ಷೆ ಬಾಯಿಬಿಡುವುದಿಲ್ಲ. ಅವಿಭಾಜ್ಯ ಅಲ್ಲ ಎಂದಷ್ಟೇ ಹೇಳುತ್ತದೆ. ಇಷ್ಟು ಕೈಯಾರೆ ಮಾಡಿದ ಮೇಲೆ ಯಂತ್ರದ ಮೇಲಿದ್ದ ಕುರುಡು ಭಕ್ತಿ ಹೋಯಿತು. 4 ಕೋಟಿ ಅಂಕಿಗಳ ಸಂಖ್ಯೆಯನ್ನು 13 ಕೋಟಿಗೂ ಹೆಚ್ಚು ಸಲ ವರ್ಗ ಮಾಡುವುದೆಂದರೆ ಏನು ಎಂಬ ಅಂದಾಜೂ ಆಗಲೇ ಸಿಕ್ಕಿತು.

2. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಕೇಳಿ

ಪರೀಕ್ಷೆ ಅರ್ಥವಾಯಿತಲ್ಲ, ಇನ್ನು ನಾನೇ ಪ್ರೋಗ್ರಾಂ ಬರೆಯುತ್ತೇನೆಂಬ ಹುಮ್ಮಸ್ಸು ಬಂತು. ಬರೆದೆ. ಘಾತಾಂಕ 3, 5, 7, 13ಕ್ಕೆ ಸರಿಯಾದ ಉತ್ತರ ಬಂದೊಡನೆ ದೊಡ್ಡ ಸಂಖ್ಯೆಗಳಿಗೆ ಹಾರಿದೆ. ಎಲ್ಲಕ್ಕೂ ‘ಅಲ್ಲ’ ಬಂತು. ಹೆಚ್ಚಿನವು ಅಲ್ಲವೇ ಆಗಿರುವುದರಿಂದ ನನಗೆ ಯಾವ ಅನುಮಾನವೂ ಬರಲಿಲ್ಲ. ಬಹಳ ದಿನಗಳ ಮೇಲೆ ಸುಮ್ಮನೆ 17, 19, 31 ಕೊಟ್ಟು ನೋಡಿದರೆ ಅವಕ್ಕೂ ‘ಅಲ್ಲ’! 31 ಘಾತಾಂಕದ್ದು, ಅಂದರೆ 2147483647, ಅವಿಭಾಜ್ಯವೆಂದು ಆಯ್ಲರ್ 1772ರಲ್ಲೇ ಸಾಧಿಸಿ ತೋರಿಸಿದ್ದ. ಒಂದು ಗಳಿಗೆ ಆಯ್ಲರ್‌ನದೇ ತಪ್ಪಿರಬಹುದೇ ಎಂದು ಯೋಚಿಸಿದ್ದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ತಪ್ಪು ನನ್ನದು: 32 ಬಿಟ್‌ನ ಜಾಗದಲ್ಲಿ ವರ್ಗ ಹಿಡಿಸುತ್ತಿರಲಿಲ್ಲ, ಮೇಲಿನ ಬಿಟ್‌ಗಳು ಚೆಲ್ಲಿಹೋಗುತ್ತಿದ್ದವು. 13ರವರೆಗೆ ಹಿಡಿಸುತ್ತಿತ್ತು, 17ಕ್ಕೆ ತುಂಬಿ ಹರಿಯುತ್ತಿತ್ತು. ‘ಅಲ್ಲ’ ಎನ್ನುವುದೇ ಸಾಮಾನ್ಯವಾದ ಕೆಲಸದಲ್ಲಿ ಕೆಟ್ಟುಹೋದ ಪ್ರೋಗ್ರಾಂ ಸರಿಯಾದದ್ದರಂತೆಯೇ ಕಾಣುತ್ತದೆ. ‘ಹೌದು’ ಎನ್ನಲು ಅದಕ್ಕೆ ಬರುತ್ತದೆಯೇ ಎಂದು ಮೊದಲು ನೋಡಬೇಕು. ಈಗ ಹೊಸ ಯಂತ್ರ ಬಂದರೂ, ಹೊಸ ಆವೃತ್ತಿ ಬಂದರೂ, ಗೊತ್ತಿರುವ ಒಂದು ಮರ್ಸೆನ್ ಅವಿಭಾಜ್ಯವನ್ನು ಕೊಟ್ಟು ಸೊನ್ನೆ ಬರುವುದನ್ನು ಕಣ್ಣಾರೆ ಕಂಡೇ ಮುಂದಿನ ಮಾತು.

3. ಅಪವರ್ತನಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ

ಭಾಗಿಸಿ ನೋಡುವ ಕೆಲಸವನ್ನು ನಾನು ಕೀಳಾಗಿ ಕಂಡಿದ್ದೆ. ದೊಡ್ಡ ಪರೀಕ್ಷೆ ಇರುವಾಗ ಅಪವರ್ತನ ಹುಡುಕುವ ಕೂಲಿ ಕೆಲಸ ಏಕೆ ಅನ್ನಿಸಿತ್ತು. ಆಮೇಲೆ ಮಾಡಿದಾಗಲೂ ದಡ್ಡತನದಿಂದ ಎಲ್ಲ ಬೆಸ ಸಂಖ್ಯೆಗಳಿಂದಲೂ ಭಾಗಿಸುತ್ತ ಕೂತೆ. ಮರ್ಸೆನ್ ಸಂಖ್ಯೆಯ ಅಪವರ್ತನಗಳಿಗೆ ಒಂದು ಕಟ್ಟುಪಾಡಿದೆ: ಘಾತಾಂಕದ ಎರಡರಷ್ಟರ ಯಾವುದೋ ಒಂದು ಗುಣಕಕ್ಕೆ 1 ಸೇರಿಸಿದರೆ ಅವು ಬರುತ್ತವೆ, ಮತ್ತು 8ರಿಂದ ಭಾಗಿಸಿದರೆ 1 ಅಥವಾ 7 ಉಳಿಸುತ್ತವೆ. 2047ರಲ್ಲೇ ನೋಡಿ: 22ಕ್ಕೆ 1 ಸೇರಿದರೆ 23, 88ಕ್ಕೆ 1 ಸೇರಿದರೆ 89. ಈ ಎರಡು ಜರಡಿ ಹಿಡಿದರೆ ನೋಡಬೇಕಾದವು ಬೆರಳೆಣಿಕೆಯಷ್ಟು ಉಳಿಯುತ್ತವೆ ಎನ್ನಲಾರೆ, ಆದರೆ ಬಹುಪಾಲು ಉದುರಿಹೋಗುತ್ತವೆ. ಘಾತಾಂಕ 67ರ ಸಂಖ್ಯೆ ಅವಿಭಾಜ್ಯವಲ್ಲವೆಂದು ಎಡುವರ್ಡ್ ಲ್ಯೂಕಾ 1876ರಲ್ಲೇ ತೋರಿಸಿದ್ದ, ಆದರೆ ಅಪವರ್ತನ ಸಿಕ್ಕಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು 193707721 × 761838257287 ಎಂದು ಒಡೆದು ತೋರಿಸಿದ. 193707721ರಲ್ಲಿ 1 ಕಳೆದು 134ರಿಂದ ಭಾಗಿಸಿದರೆ 14,45,580 ಚೊಕ್ಕವಾಗಿ ಬರುತ್ತದೆ. ಕ್ಯಾಲ್ಕುಲೇಟರ್ ಹಿಡಿದು ನೋಡಿಕೊಳ್ಳಿ. ಇದೇ ಅಪವರ್ತನದ ಹೆಚ್ಚುಗಾರಿಕೆ. ಅದನ್ನು ಕಂಡುಹಿಡಿದವರನ್ನು ನಂಬಬೇಕಾಗಿಲ್ಲ, ಗುಣಿಸಿ ನೋಡಿದರೆ ಮುಗಿಯಿತು.

4. ಬಿಸಿಯಾದ ಯಂತ್ರ ಸುಳ್ಳು ಹೇಳುತ್ತದೆ

ಬೇಗ ಮುಗಿಯಲೆಂದು ಪ್ರೊಸೆಸರನ್ನು ಅದರ ಮಿತಿ ಮೀರಿ ಓಡಿಸಿದ್ದೆ. ಏಪ್ರಿಲ್ ತಿಂಗಳು, ತಾರಸಿ ಕೆಳಗಿನ ಕೋಣೆ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಅದೊಂದು ಓಡುತ್ತಿತ್ತು. ನಮ್ಮತ್ತೆ ಬೀಸಣಿಗೆ ಹಿಡಿದು ಬಂದು, “ಮನುಷ್ಯರಿಗಿಲ್ಲದ ಫ್ಯಾನು ಆ ಡಬ್ಬಿಗೆ ಯಾಕಮ್ಮಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹಾಗೆ ಮುಗಿಸಿದ ಪರೀಕ್ಷೆಯೊಂದರ ಕೊನೆಯ ಶೇಷ, ಬೇರೊಬ್ಬರು ಅದೇ ಸಂಖ್ಯೆಗೆ ಪಡೆದ ಶೇಷಕ್ಕೆ ಹೊಂದಲಿಲ್ಲ. ಮೂರನೆಯವರು ಮಾಡಿದ ಲೆಕ್ಕ ಅವರ ಪರ ನಿಂತಿತು. ತಿಂಗಳುಗಟ್ಟಲೆ ವಿದ್ಯುತ್ ಉಂಡ ನನ್ನ ಉತ್ತರ ಕಸದ ಬುಟ್ಟಿಗೆ ಹೋಯಿತು.

ಇಲ್ಲಿ ಒಂದು ಬಿಟ್ ಜಾರಿದರೂ ಸಾಕು, ಮುಂದಿನ ಎಲ್ಲ ಹೆಜ್ಜೆಗಳೂ ಹಾಳು. ನಡುವೆ ಎಲ್ಲೋ ಶೇಷ ತಪ್ಪಾಗಿ 0 ಆಯಿತೆನ್ನಿ. ಅದರ ವರ್ಗದಿಂದ 2 ಕಳೆದರೆ −2. ಅದರ ವರ್ಗ 4, 2 ಕಳೆದರೆ 2. ಮತ್ತೆ ವರ್ಗ 4, 2 ಕಳೆದರೆ ಪುನಃ 2. ಕೊನೆಯವರೆಗೂ 2 ಎಂದೇ ಜಪಿಸುತ್ತ ಯಂತ್ರ ಗಂಭೀರವಾಗಿ ‘ಅವಿಭಾಜ್ಯ ಅಲ್ಲ’ ಎಂದು ವರದಿ ಕೊಡುತ್ತದೆ. ಅಲ್ಲದೆ ಇಷ್ಟು ದೊಡ್ಡ ಗುಣಾಕಾರವನ್ನು ಶಾಲೆಯಲ್ಲಿ ಕಲಿತ ರೀತಿಯಲ್ಲಿ ಮಾಡುವುದಿಲ್ಲ. ಫೋರಿಯರ್ ಪರಿವರ್ತನೆಯ ಮೂಲಕ ದಶಮಾಂಶಗಳಲ್ಲಿ ಮಾಡಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. ಚಿಪ್ಪಿನ ಸಣ್ಣ ದೋಷವೂ ಇಲ್ಲಿ ಬಯಲಾಗುತ್ತದೆ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳಲ್ಲಿ ಅಡಗಿದ್ದ ಒಂದು ದೋಷ ಹೊರಬಿದ್ದದ್ದು ಪ್ರೈಮ್95 ಓಡಿಸುವವರಿಂದಲೇ. 2016ರ ಜನವರಿಯಲ್ಲಿ ಕಂಪನಿ ಅದನ್ನು ಒಪ್ಪಿಕೊಂಡು ಪರಿಹಾರ ಕೊಟ್ಟಿತು. ನನ್ನ ಯಂತ್ರದಲ್ಲಿ ಚಿಪ್ಪಿನ ತಪ್ಪೇನಿರಲಿಲ್ಲ. ಧೂಳು ಕಟ್ಟಿದ ಫ್ಯಾನು ಮತ್ತು ಒಡತಿಯ ಅವಸರ, ಎರಡೇ ಕಾರಣ. ಈಗ ಬೇಸಿಗೆಯಲ್ಲಿ ಓಟ ನಿಲ್ಲಿಸುತ್ತೇನೆ.

5. ಕೇಳದೆ ಪರರ ಯಂತ್ರ ಮುಟ್ಟಬಾರದು

ರಾತ್ರಿ ಸುಮ್ಮನಿರುವ ಲ್ಯಾಬಿನ ಕಂಪ್ಯೂಟರುಗಳನ್ನು ಕಂಡು ಆಸೆಯಾಯಿತು. ಯಾರನ್ನೂ ಕೇಳದೆ ಒಂದಷ್ಟಕ್ಕೆ ತಂತ್ರಾಂಶ ಹಾಕಿದೆ. ಒಳ್ಳೆಯ ಕೆಲಸಕ್ಕೆ ಅಪ್ಪಣೆ ಏಕೆಂಬ ಧೋರಣೆ. ಬೆಳಿಗ್ಗೆ ಬಾಗಿಲು ತೆಗೆಯುವ ಲ್ಯಾಬ್ ಅಟೆಂಡರ್ ನನ್ನನ್ನು ಪಕ್ಕಕ್ಕೆ ಕರೆದು, “ಮೇಡಂ, ಇವೆಲ್ಲ ರಾತ್ರಿಯೆಲ್ಲ ಓಡ್ತಾ ಇವೆ. ಏನಾದ್ರೂ ಕೆಟ್ರೆ ನನ್ನ ತಲೆಗೆ ಬರುತ್ತೆ” ಎಂದರು. ನನ್ನ ಹುಚ್ಚಿಗೆ ಅವರು ಜವಾಬು ಹೇಳಬೇಕಾಗಿತ್ತು ಎಂಬುದು ಹೊಳೆದಿರಲೇ ಇಲ್ಲ. ಅವತ್ತೇ ತೆಗೆದುಹಾಕಿ ಪ್ರಿನ್ಸಿಪಾಲರಿಗೆ ತಿಳಿಸಿದೆ. ಲಿಖಿತ ಅಪ್ಪಣೆ ಸಿಕ್ಕಮೇಲೆ ಎರಡು ಯಂತ್ರ, ಅದೂ ಹಗಲು ಮಾತ್ರ, ಎಂಬ ಕರಾರಿನಲ್ಲಿ ಮತ್ತೆ ಹಾಕಿದೆವು. ಉತ್ತರಗಳು ಕಡಿಮೆ ಬಂದವು. ನಿದ್ದೆ ಚೆನ್ನಾಗಿ ಬಂತು.

6. ಎರಡನೇ ಸಲದ ಲೆಕ್ಕಕ್ಕೆ ಮೊದಲ ಸಲದಷ್ಟೇ ಮಾನ

ಸೇರಿದ ಹೊಸತರಲ್ಲಿ ಯಾರೂ ಮುಟ್ಟದ ಘಾತಾಂಕಗಳೇ ನನಗೆ ಬೇಕಿದ್ದವು. ಬೇರೆಯವರು ಮುಗಿಸಿದ್ದನ್ನು ಮತ್ತೆ ಪರೀಕ್ಷಿಸುವುದು ಎಂಜಲೆತ್ತುವ ಕೆಲಸ ಅನ್ನಿಸಿತ್ತು. ಮರ್ಸೆನ್‌ನ ಪಟ್ಟಿಯ ಗತಿ ಓದಿದ ಮೇಲೆ ಆ ಜಂಬ ಇಳಿಯಿತು. 67 ಮತ್ತು 257ನ್ನು ಅವನು ತಪ್ಪಾಗಿ ಸೇರಿಸಿದ್ದ. ಅದಕ್ಕಿಂತ ದೊಡ್ಡ ತಪ್ಪು, 61, 89, 107ನ್ನು ಬಿಟ್ಟಿದ್ದ. ರಷ್ಯಾದ ಪಾದ್ರಿ ಇವಾನ್ ಪೆರ್ವುಶಿನ್ 61ರದು ಅವಿಭಾಜ್ಯವೆಂದು ತೋರಿಸಿದ್ದು 1883ರಲ್ಲಿ. ಒಂದು ತಪ್ಪು ‘ಅಲ್ಲ’ 239 ವರ್ಷ ಬಾಳಿತು. ಉಳಿದೆರಡನ್ನು 1911 ಮತ್ತು 1914ರಲ್ಲಿ ಪವರ್ಸ್ ಎಂಬಾತ ಸರಿಪಡಿಸಿದ. ಕಂಪ್ಯೂಟರ್ ಬಂದ ಮೇಲೂ ಇದು ನಿಲ್ಲಲಿಲ್ಲ: 86,243 ಮತ್ತು 1,32,049 ಎಂಬ ಘಾತಾಂಕಗಳು 1982–83ರಲ್ಲೇ ಸಿಕ್ಕಿದ್ದವು. ಅವುಗಳ ನಡುವೆ ಕುಳಿತಿದ್ದ 1,10,503 ಕೋಲ್ಕ್ವಿಟ್ ಮತ್ತು ವೆಲ್ಷ್ ಎಂಬಿಬ್ಬರ ಕಣ್ಣಿಗೆ ಬಿದ್ದದ್ದು 1988ರಲ್ಲಿ.

ಈಗ ತಪ್ಪು ‘ಹೌದು’ ಬಂದರೆ ಊರೆಲ್ಲ ಮುಗಿಬಿದ್ದು ಪರೀಕ್ಷಿಸುತ್ತದೆ, ಬೇಗ ಬಯಲಾಗುತ್ತದೆ. ತಪ್ಪು ‘ಅಲ್ಲ’ವನ್ನು ಯಾರೂ ಕೇಳುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಇಲ್ಲಿ ಪ್ರತಿ ಅಗುಳನ್ನೂ ಹಿಸುಕಬೇಕು. ಹಾಗಾಗಿ ಗಿಂಪ್ಸ್‌ನಲ್ಲಿ ಪ್ರತಿ ಲ್ಯೂಕಾ–ಲೆಹ್ಮರ್ ಪರೀಕ್ಷೆಯನ್ನೂ ಎರಡನೇ ಸಲ ಮಾಡಿ, ಶೇಷದ ಕೊನೆಯ 64 ಬಿಟ್‌ಗಳನ್ನು ತಾಳೆ ನೋಡುತ್ತಾರೆ. ಎರಡನೇ ಸಲ ಅಂಕಿಗಳನ್ನು ಬೇರೆ ಜಾಗಕ್ಕೆ ಸರಿಸಿ ಲೆಕ್ಕ ಆರಂಭಿಸುವುದರಿಂದ ಅದೇ ತಪ್ಪು ಮರುಕಳಿಸುವ ಸಂಭವವೂ ಕಡಿಮೆ.

ಈಚೆಗೆ ಈ ದುಪ್ಪಟ್ಟು ದುಡಿಮೆ ತಪ್ಪಿದೆ. 3ನ್ನು ಬರೀ ವರ್ಗ ಮಾಡುತ್ತ ಹೋಗುವ ಫರ್ಮಾ ಪರೀಕ್ಷೆಯಲ್ಲಿ ಪ್ರತಿ ಹೆಜ್ಜೆಗೂ 2 ಕಳೆಯುವ ಗೋಜಿಲ್ಲ. ಹಾಗಾಗಿ ನಡುನಡುವಿನ ಶೇಷಗಳನ್ನು ಒಂದಕ್ಕೊಂದು ತಾಳೆ ಹಾಕಿ ತಪ್ಪನ್ನು ಓಡುತ್ತಿರುವಾಗಲೇ ಹಿಡಿಯುವ ಉಪಾಯವನ್ನು ರಾಬರ್ಟ್ ಗೆರ್ಬಿಚ್ 2017ರಲ್ಲಿ ಕೊಟ್ಟರು. ಲೆಕ್ಕ ನಿಜವಾಗಿ ನಡೆದಿದೆ ಎಂಬುದಕ್ಕೆ ಪ್ರಮಾಣಪತ್ರ ತಯಾರಿಸುವ ವಿಧಾನ, ಕ್ರಿಸ್ಟಾಫ್ ಪಿಯೆಟ್‌ಶಾಕ್ ಅವರ ಸಂಶೋಧನೆಯ ಆಧಾರದ ಮೇಲೆ, 2020ರಲ್ಲಿ ಬಂತು. ಇನ್ನೊಬ್ಬರು ಅದನ್ನು ಅಲ್ಪ ಶ್ರಮದಲ್ಲಿ ಪರಿಶೀಲಿಸಬಹುದು. ಗೆರ್ಬಿಚ್ ಉಪಾಯ ಮೊದಲೇ ಬಂದಿದ್ದರೆ ನನ್ನ ಆ ಏಪ್ರಿಲ್‌ನ ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು.

7. ಸಿಕ್ಕಿದ್ದನ್ನು ನೋಡುವುದೂ ಹುಡುಕಾಟವೇ

ನೆಟ್ ಇಲ್ಲದ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಪರೀಕ್ಷೆ ಓಡಿಸಿ, ಫಲಿತಾಂಶದ ಕಡತವನ್ನು ಕಳಿಸಲು ಮರೆತಿದ್ದೆ. ನೆನಪಾಗುವಷ್ಟರಲ್ಲಿ ಅವಧಿ ಮೀರಿ ಆ ಘಾತಾಂಕ ಬೇರೊಬ್ಬರ ಪಾಲಾಗಿ, ಅವರು ಮುಗಿಸಿಯೂ ಬಿಟ್ಟಿದ್ದರು. ಇದರಲ್ಲಿ ನನಗೆ ದೊಡ್ಡವರ ಜೊತೆಯಿದೆ ಎಂಬುದೊಂದೇ ಸಮಾಧಾನ. ನಾರ್ವೆಯ ಓಡ್ ಮಾಗ್ನರ್ ಸ್ಟ್ರಿಂಡ್ಮೋ ಅವರ ಕಂಪ್ಯೂಟರ್ 2009ರ ಏಪ್ರಿಲ್‌ನಲ್ಲೇ ಅವಿಭಾಜ್ಯವೊಂದನ್ನು ವರದಿ ಮಾಡಿತ್ತು. ಜೂನ್‌ವರೆಗೆ ಯಾರೂ ನೋಡಲಿಲ್ಲ. ಕರ್ಟಿಸ್ ಕೂಪರ್ ಅವರ ಯಂತ್ರ 2015ರ ಸೆಪ್ಟೆಂಬರ್ 17ರಂದು 2,23,38,618 ಅಂಕಿಗಳ ದಾಖಲೆ ಸಂಖ್ಯೆಯನ್ನು ಕಂಡು ಸರ್ವರ್‌ಗೆ ತಿಳಿಸಿತು. ಎಚ್ಚರಿಕೆಯ ಇಮೇಲ್ ಹೋಗಲಿಲ್ಲ. 2016ರ ಜನವರಿ 7ರವರೆಗೆ ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಕಡತದಲ್ಲೇ ಮಲಗಿತ್ತು. ಓಡಿಸಿದ ಮೇಲೆ ತೆರೆದು ನೋಡಿ, ಕಳಿಸಿ, ತಲುಪಿತೇ ಎಂದು ಖಚಿತಪಡಿಸಿಕೊಳ್ಳಿ.

8. ಬಹುಮಾನ ನೋಡಿ ಘಾತಾಂಕ ಆರಿಸಬೇಡಿ

ಹತ್ತು ಲಕ್ಷ ಅಂಕಿ ದಾಟಿದ ಮೊದಲ ಅವಿಭಾಜ್ಯಕ್ಕೆ 50,000 ಡಾಲರ್ ಕೊಟ್ಟಿದ್ದರು. 1999ರಲ್ಲಿ ಅದನ್ನು ಕಂಡದ್ದು ಅಮೆರಿಕದ ನಯನ್ ಹಜರತ್‌ವಾಲಾ ಅವರ ಮನೆಯ ಕಂಪ್ಯೂಟರ್. ಒಂದು ಕೋಟಿ ಅಂಕಿಗೆ ಇಟ್ಟಿದ್ದ ಲಕ್ಷ ಡಾಲರ್ 2008ರಲ್ಲಿ ಸಿಕ್ಕ ಸಂಖ್ಯೆಗೆ ಹೋಯಿತು. ಮುಂದಿನದು ಹತ್ತು ಕೋಟಿ ಅಂಕಿಗೆ, 1,50,000 ಡಾಲರ್. ಆ ಆಸೆಗೆ ಬಿದ್ದು 33 ಕೋಟಿಗೂ ಮೀರಿದ ಘಾತಾಂಕವೊಂದನ್ನು ನನ್ನ ಮುದಿ ಡೆಸ್ಕ್‌ಟಾಪಿಗೆ ಹೊರಿಸಿದೆ. ಮುಗಿಯಲು ವರ್ಷಗಳೇ ಬೇಕೆಂದು ಪರದೆ ಹೇಳುತ್ತಲೇ ಇತ್ತು. ಹಾರ್ಡ್‌ಡಿಸ್ಕ್ ಮೊದಲು ಕೈಕೊಟ್ಟಿತು. ನಾನು ಬ್ಯಾಕಪ್ ಇಟ್ಟಿರಲಿಲ್ಲ.

2018ರ ಡಿಸೆಂಬರ್‌ನಲ್ಲಿ 51ನೆಯದು ಸಿಕ್ಕ ಮೇಲೆ ಸುಮಾರು ಆರು ವರ್ಷ, ಲೋಕದ ಎಲ್ಲ ಸ್ವಯಂಸೇವಕರೂ ಸೇರಿ ದುಡಿದರೂ, ಏನೂ ಸಿಗಲಿಲ್ಲ. 52ನೆಯದನ್ನು ಕಂಡ ಲ್ಯೂಕ್ ಡುರಾಂಟ್ 17 ದೇಶಗಳ ಡೇಟಾ ಕೇಂದ್ರಗಳಲ್ಲಿ ಗ್ರಾಫಿಕ್ಸ್ ಪ್ರೊಸೆಸರುಗಳನ್ನು ಬಾಡಿಗೆಗೆ ಹಿಡಿದಿದ್ದರು. ಡಬ್ಲಿನ್‌ನ ಒಂದು ಪ್ರೊಸೆಸರ್ ‘ಅವಿಭಾಜ್ಯ ಇರಬಹುದು’ ಎಂದಿತು, ಮರುದಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿನ ಇನ್ನೊಂದು ಲ್ಯೂಕಾ–ಲೆಹ್ಮರ್ ಪರೀಕ್ಷೆಯಿಂದ ‘ಹೌದು’ ಎಂದಿತು. ಅದಕ್ಕೆ ಸಿಗುವ ಬಹುಮಾನ 3,000 ಡಾಲರ್. ಹಣಕ್ಕಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಇಷ್ಟು ಲೆಕ್ಕ ಸಾಕು.

9. ಉಪಯೋಗ ಕೇಳಿದರೆ ಬಣ್ಣ ಕಟ್ಟಬೇಡಿ

ಮೊದಮೊದಲು ಯಾರಾದರೂ ಉಪಯೋಗ ಕೇಳಿದರೆ, ‘ಬ್ಯಾಂಕಿನ ಪಾಸ್‌ವರ್ಡ್ ಭದ್ರತೆ ಎಲ್ಲ ಇದರಿಂದಲೇ’ ಎಂದುಬಿಡುತ್ತಿದ್ದೆ. ಅದು ನಿಜವಲ್ಲ. ಗೂಢಲಿಪಿಗೆ ಬೇಕಾದ ಅವಿಭಾಜ್ಯಗಳು ಕೆಲವು ನೂರು ಅಂಕಿಗಳವು, ಮತ್ತು ಅವು ಯಾರಿಗೂ ಗೊತ್ತಿಲ್ಲದಂಥವಾಗಿರಬೇಕು, ಇವೋ ಜಗಜ್ಜಾಹೀರು. ಹಳೆಯ ಚಿಕ್ಕ ಮರ್ಸೆನ್ ಅವಿಭಾಜ್ಯಗಳು ಉಪಯೋಗಕ್ಕೆ ಬಂದಿವೆ: 1971ರಲ್ಲಿ ಸಿಕ್ಕ 19,937 ಘಾತಾಂಕದ್ದು ‘ಮರ್ಸೆನ್ ಟ್ವಿಸ್ಟರ್’ ಎಂಬ ಯಾದೃಚ್ಛಿಕ ಸಂಖ್ಯೆಗಳ ವಿಧಾನಕ್ಕೆ ಆಧಾರ, ಪೈಥಾನ್ ಬಳಸುವ ನನ್ನ ವಿದ್ಯಾರ್ಥಿಗಳೆಲ್ಲ ಅರಿಯದೆಯೇ ಅದನ್ನು ಬಳಸುತ್ತಾರೆ. ಪ್ರತಿ ಮರ್ಸೆನ್ ಅವಿಭಾಜ್ಯದಿಂದಲೂ 6, 28, 496ರಂಥ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. ಇದು ಯೂಕ್ಲಿಡ್‌ನಿಗೇ ಗೊತ್ತಿತ್ತು. 4 ಕೋಟಿ ಅಂಕಿಯ ಸಂಖ್ಯೆಯಿಂದ ಸದ್ಯಕ್ಕೆ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಈಗ ಹಾಗೆಂದೇ ಹೇಳುತ್ತೇನೆ, ಹುಡುಗರು ಅದರಿಂದೇನೂ ಬೇಸರಪಟ್ಟಿಲ್ಲ.

ನೀವೂ ಈ ಕೆಲಸಕ್ಕೆ ಇಳಿಯುವುದಾದರೆ ನನ್ನದೊಂದು ಕೋರಿಕೆ. ಹೊಸ ಘಾತಾಂಕಕ್ಕೆ ಕೈ ಹಾಕುವ ಮೊದಲು ಹಳೆಯದೊಂದರ ಎರಡನೇ ಪರೀಕ್ಷೆಯನ್ನು ಕೇಳಿ ಪಡೆಯಿರಿ. ನಿಮ್ಮ ಶೇಷ ಹಿಂದಿನವರದಕ್ಕೆ ಹೊಂದಿದರೆ, ನಿಮ್ಮ ಯಂತ್ರ ನಂಬಿಕಸ್ಥ ಎಂದು ನಿಮಗೂ ತಿಳಿಯುತ್ತದೆ, ಇನ್ನೊಬ್ಬರ ‘ಅಲ್ಲ’ವೂ ಗಟ್ಟಿಯಾಗುತ್ತದೆ.